ಕಂಪ್ಯೂಟರ್ ಕೆಟ್ಟಿಲ್ಲ, ಕರೆ ಮಾತ್ರ ಹೋಗುತ್ತಿಲ್ಲ!

ಮಕ್ಕಳೇ, ಒಂದು ಶಾಲೆಯನ್ನು ಊಹಿಸಿಕೊಳ್ಳಿ. ಅಂದು ಫೆಬ್ರವರಿ 28, ರಾಷ್ಟ್ರೀಯ ವಿಜ್ಞಾನ ದಿನ. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ರಾಮನ್ ಪರಿಣಾಮವನ್ನು ಕಂಡುಹಿಡಿದುದರ ನೆನಪಿಗೆ ಆಚರಿಸುವ ದಿನ. ಅದೇ ಶಾಲೆಯಲ್ಲಿ ಓದಿ ಈಗ ದೂರದ ಊರಿನಲ್ಲಿ ವೈದ್ಯರಾಗಿರುವ ಅಕ್ಕ ಒಬ್ಬರು ವಿಡಿಯೊ ಕರೆಯ ಮೂಲಕ ಮಕ್ಕಳೊಂದಿಗೆ ಮಾತನಾಡಲು ಒಪ್ಪಿದ್ದಾರೆ. ಆಸ್ಪತ್ರೆಯ ಕೆಲಸದ ನಡುವೆ ಅವರಿಗೆ ಸಿಕ್ಕಿರುವುದು ಅರ್ಧ ಗಂಟೆಯ ಬಿಡುವು ಮಾತ್ರ. ಏಳನೇ ತರಗತಿಯ ಮಕ್ಕಳು ಒಂದು ವಾರದಿಂದ ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಕಾಯುತ್ತಿದ್ದಾರೆ.

ಶಾಲೆಯಲ್ಲಿ ಒಂದು ಕಂಪ್ಯೂಟರ್ ಇದೆ. ಬಹಳ ವರ್ಷಗಳ ಹಿಂದೆ ದಾನಿಗಳು ಕೊಟ್ಟದ್ದು. ಮೇಷ್ಟ್ರು ಸ್ವಿಚ್ ಹಾಕಿದರು. ಪರದೆ ಬೆಳಗಿತು. ಕ್ಯಾಮೆರಾದ ಪುಟ್ಟ ದೀಪ ಹೊತ್ತಿಕೊಂಡಿತು. ಅಂತರಜಾಲದ ಸಂಪರ್ಕವೂ ಬಂತು. ವಿಡಿಯೊ ಕರೆಯ ಆ್ಯಪ್ ಅನ್ನು ತೆರೆದರೆ ಒಂದೇ ಸಾಲು: 'ಈ ಆವೃತ್ತಿ ಇನ್ನು ಮುಂದೆ ಕೆಲಸ ಮಾಡುವುದಿಲ್ಲ.' ಹೊಸ ಆವೃತ್ತಿಯನ್ನು ಹಾಕಲು ಹೋದರೆ ಇನ್ನೊಂದು ಸಾಲು: 'ನಿಮ್ಮ ಕಂಪ್ಯೂಟರಿನ ಕಾರ್ಯಾಚರಣ ವ್ಯವಸ್ಥೆ ಹಳೆಯದು.'

ಮಕ್ಕಳೆಲ್ಲ ಸುಮ್ಮನಾದರು. ಒಬ್ಬಳು ಹುಡುಗಿ ಎದ್ದು ನಿಂತು ಕೇಳಿದಳು: "ಸರ್, ಕಂಪ್ಯೂಟರ್ ಕೆಟ್ಟುಹೋಗಿದೆಯಾ?"

"ಇಲ್ಲಮ್ಮ, ಯಾವ ಭಾಗವೂ ಕೆಟ್ಟಿಲ್ಲ."

"ಹಾಗಾದರೆ ಯಾಕೆ ಕೆಲಸ ಮಾಡುತ್ತಿಲ್ಲ, ಸರ್?"

ಒಳ್ಳೆಯ ಪ್ರಶ್ನೆ! ಚಕ್ರ ಮುರಿದರೆ ಗಾಡಿ ನಿಲ್ಲುತ್ತದೆ. ತಂತಿ ಕಡಿದರೆ ದೀಪ ಆರುತ್ತದೆ. ಆದರೆ ಏನೂ ಮುರಿಯದೆ, ಏನೂ ಕಡಿಯದೆ ಒಂದು ಯಂತ್ರ ಕೆಲಸಕ್ಕೆ ಬಾರದಂತಾಗುವುದು ಹೇಗೆ? ಬನ್ನಿ, ಕಾರಣಗಳನ್ನು ಒಂದೊಂದಾಗಿ ನೋಡೋಣ.

ನಡುವೆ ಇರುವ ಮೇಸ್ತ್ರಿ

ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣುವ, ಕೈಯಿಂದ ಮುಟ್ಟಬಹುದಾದ ಭಾಗಗಳಿಗೆ ಯಂತ್ರಾಂಶ ಎಂದು ಹೆಸರು. ಪರದೆ, ಕೀಲಿಮಣೆ, ಕ್ಯಾಮೆರಾ, ಒಳಗಿನ ಚಿಪ್ಪುಗಳು ಎಲ್ಲವೂ ಯಂತ್ರಾಂಶಗಳೇ. ಈ ಭಾಗಗಳು ಏನು ಮಾಡಬೇಕು ಎಂದು ತಿಳಿಸುವ ಸೂಚನೆಗಳೇ ತಂತ್ರಾಂಶ. ವಿಡಿಯೊ ಕರೆಯ ಆ್ಯಪ್ ಒಂದು ತಂತ್ರಾಂಶ.

ಇವೆರಡರ ನಡುವೆ ಇನ್ನೊಂದು ಮುಖ್ಯವಾದ ತಂತ್ರಾಂಶವಿದೆ. ಅದೇ ಕಾರ್ಯಾಚರಣ ವ್ಯವಸ್ಥೆ ಅಥವಾ ಆಪರೇಟಿಂಗ್ ಸಿಸ್ಟಂ. ವಿಂಡೋಸ್, ಲಿನಕ್ಸ್, ಮ್ಯಾಕ್ ಓಎಸ್, ಮೊಬೈಲಿನಲ್ಲಿರುವ ಆಂಡ್ರಾಯ್ಡ್ ಇವೆಲ್ಲ ಕಾರ್ಯಾಚರಣ ವ್ಯವಸ್ಥೆಗಳು.

ಮನೆ ಕಟ್ಟುವುದನ್ನು ನೀವು ನೋಡಿರಬಹುದು. ಮನೆಯ ಯಜಮಾನರು ತಮಗೆ ಬೇಕಾದುದನ್ನು ಮೇಸ್ತ್ರಿಗೆ ಹೇಳುತ್ತಾರೆ. ಮೇಸ್ತ್ರಿ ಗಾರೆ ಕೆಲಸದವರಿಗೆ, ಬಡಗಿಗೆ, ಕಬ್ಬಿಣ ಕಟ್ಟುವವರಿಗೆ ಅವರವರ ಕೆಲಸ ಹಂಚುತ್ತಾರೆ. ಕಂಪ್ಯೂಟರಿನಲ್ಲಿ ಆ್ಯಪ್ ಯಜಮಾನನಂತೆ, ಯಂತ್ರಾಂಶಗಳು ಕೆಲಸಗಾರರಂತೆ, ಕಾರ್ಯಾಚರಣ ವ್ಯವಸ್ಥೆ ಮೇಸ್ತ್ರಿಯಂತೆ. ಆ್ಯಪ್ ನೇರವಾಗಿ ಕ್ಯಾಮೆರಾವನ್ನು ಮುಟ್ಟುವುದಿಲ್ಲ. 'ಕ್ಯಾಮೆರಾದಿಂದ ಒಂದು ಚಿತ್ರ ಬೇಕು' ಎಂದು ಕಾರ್ಯಾಚರಣ ವ್ಯವಸ್ಥೆಯನ್ನು ಕೇಳುತ್ತದೆ. ಅದು ತಂದುಕೊಡುತ್ತದೆ.

ಪ್ರತಿಯೊಂದು ಕಾರ್ಯಾಚರಣ ವ್ಯವಸ್ಥೆಗೂ ಅದು ಮಾಡಬಲ್ಲ ಕೆಲಸಗಳ ಒಂದು ಪಟ್ಟಿ ಇರುತ್ತದೆ. ಹೊಸ ಆವೃತ್ತಿ ಬಂದಾಗಲೆಲ್ಲ ಆ ಪಟ್ಟಿಗೆ ಹೊಸ ಕೆಲಸಗಳು ಸೇರುತ್ತವೆ. ಇಂದಿನ ಆ್ಯಪ್ ಬರೆಯುವವರು ಇಂದಿನ ಪಟ್ಟಿಯನ್ನು ನೋಡಿಕೊಂಡು ಬರೆಯುತ್ತಾರೆ. ಅಂತಹ ಆ್ಯಪ್ ಅನ್ನು ಹಳೆಯ ಕಂಪ್ಯೂಟರಿಗೆ ಹಾಕಿದರೆ ಏನಾಗುತ್ತದೆ? ಆ್ಯಪ್ ಕೇಳಿದ ಕೆಲಸದ ಹೆಸರನ್ನೇ ಹಳೆಯ ಮೇಸ್ತ್ರಿ ಕೇಳಿರುವುದಿಲ್ಲ. ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇದು ಮೊದಲನೆಯ ಕಾರಣ.

ಒಂದು ಮುಖ ಎಷ್ಟು ಭಾರ?

ವಿಡಿಯೊ ಎಂದರೆ ಒಂದರ ಹಿಂದೆ ಒಂದು ವೇಗವಾಗಿ ಬರುವ ಚಿತ್ರಗಳ ಸಾಲು. ಪ್ರತಿ ಚಿತ್ರವೂ ಸಾವಿರಾರು ಪುಟ್ಟ ಚುಕ್ಕೆಗಳಿಂದ ಆಗಿರುತ್ತದೆ. ಈ ಚುಕ್ಕೆಗಳಿಗೆ ಪಿಕ್ಸೆಲ್ ಎನ್ನುತ್ತಾರೆ. ಒಂದು ಸಣ್ಣ ವಿಡಿಯೊ ಚಿತ್ರದಲ್ಲಿ ಅಡ್ಡಲಾಗಿ 640, ಉದ್ದಕ್ಕೆ 480 ಪಿಕ್ಸೆಲ್‌ಗಳಿವೆ ಎಂದುಕೊಳ್ಳೋಣ. ಲೆಕ್ಕ ಮಾಡಿ:

640 × 480 = 3,07,200 ಪಿಕ್ಸೆಲ್‌ಗಳು.

ಪ್ರತಿ ಪಿಕ್ಸೆಲ್‌ನ ಬಣ್ಣವನ್ನು ಬರೆದಿಡಲು ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ 3 ಬೈಟ್ ಬೇಕು. ಅಂದರೆ ಒಂದು ಚಿತ್ರಕ್ಕೆ 9,21,600 ಬೈಟ್. ಒಂದು ಸೆಕೆಂಡಿಗೆ 30 ಚಿತ್ರಗಳಾದರೆ 2,76,48,000 ಬೈಟ್! ಹತ್ತು ನಿಮಿಷ ಮಾತನಾಡಿದರೆ ಸುಮಾರು 16.6 ಗಿಗಾಬೈಟ್. ಒಂದು ಸಾಮಾನ್ಯ ಡಿವಿಡಿಯಲ್ಲಿ ಹಿಡಿಸುವುದು 4.7 ಗಿಗಾಬೈಟ್. ಹತ್ತು ನಿಮಿಷದ ಹರಟೆಗೆ ಮೂರು ಡಿವಿಡಿಗಳೂ ಸಾಲವು.

ಇಷ್ಟನ್ನು ಹಾಗೆಯೇ ಕಳುಹಿಸಬೇಕಾದರೆ ಸೆಕೆಂಡಿಗೆ 221 ಮೆಗಾಬಿಟ್ ಸಾಗಿಸಬಲ್ಲ ಸಂಪರ್ಕ ಬೇಕು. ಆದರೆ ಈ ಅಳತೆಯ ವಿಡಿಯೊ ಕರೆ ಸೆಕೆಂಡಿಗೆ ಸುಮಾರು 1 ಮೆಗಾಬಿಟ್ ಇದ್ದರೂ ನಡೆಯುತ್ತದೆ. ಅದು ಹೇಗೆ?

ಜಿನ್ನಿಂಗ್ ಮಿಲ್ಲಿನಲ್ಲಿ ರಾಶಿ ಹತ್ತಿಯನ್ನು ಒತ್ತಿ ಚಿಕ್ಕ ಬೇಲು ಮಾಡುವಂತೆ ವಿಡಿಯೊವನ್ನೂ ಒತ್ತಿ ಚಿಕ್ಕದು ಮಾಡುತ್ತಾರೆ. ಇದಕ್ಕೆ ಸಂಕೋಚನ ಎಂದು ಹೆಸರು. ನೀವು ಮಾತನಾಡುವಾಗ ಹಿಂದಿನ ಗೋಡೆ ಅಲುಗಾಡುವುದಿಲ್ಲ. ಚಲಿಸುವುದು ತುಟಿ, ಕಣ್ಣು, ಕೈ ಮಾತ್ರ. ಹಾಗಾಗಿ ಇಡೀ ಚಿತ್ರವನ್ನು ಮತ್ತೆ ಮತ್ತೆ ಕಳುಹಿಸದೆ, ಬದಲಾದ ಭಾಗವನ್ನಷ್ಟೇ ಕಳುಹಿಸಿದರೆ ಸಾಕು. ಗೋಡೆಯಂತಹ ಒಂದೇ ಬಣ್ಣದ ಜಾಗವನ್ನು 'ಇಲ್ಲಿಂದ ಇಲ್ಲಿಯವರೆಗೆ ಬಿಳಿ' ಎಂದು ಚುಟುಕಾಗಿ ಹೇಳಬಹುದು.

ಹೀಗೆ ಒತ್ತುವ ಮತ್ತು ಬಿಡಿಸುವ ನಿಯಮಗಳ ಕಟ್ಟಿಗೆ ಕೋಡೆಕ್ ಎನ್ನುತ್ತಾರೆ. 2003ರಲ್ಲಿ ಎಚ್.264 ಎಂಬ ಕೋಡೆಕ್ ಬಂತು. 2010ರಲ್ಲಿ ಗೂಗಲ್ ಕಂಪನಿ ವಿಪಿ8 ಎಂಬುದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟಿತು. 2018ರಲ್ಲಿ ಎವಿ1 ಬಂತು. ಹೊಸ ಕೋಡೆಕ್‌ಗಳು ಮೊದಲಿನದಕ್ಕಿಂತ ಚಿಕ್ಕದಾಗಿ ಒತ್ತಬಲ್ಲವು. ಅಷ್ಟೇ ಸಂಪರ್ಕದಲ್ಲಿ ಹೆಚ್ಚು ಸ್ಪಷ್ಟವಾದ ಚಿತ್ರ ಸಿಗುತ್ತದೆ. ಆದರೆ ಅವಕ್ಕೆ ಲೆಕ್ಕಾಚಾರ ಹೆಚ್ಚು. ಹಳೆಯ ಕಂಪ್ಯೂಟರಿನ ಪ್ರೊಸೆಸರ್ ಸೆಕೆಂಡಿಗೆ 30 ಸಲ ಈ ಲೆಕ್ಕ ಮಾಡಲಾರದೆ ತಡವರಿಸುತ್ತದೆ. ಆಗ ಚಿತ್ರ ನಿಂತು ನಿಂತು ಬರುತ್ತದೆ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಒತ್ತಿದವರ ನಿಯಮವೂ ಬಿಡಿಸುವವರ ನಿಯಮವೂ ಒಂದೇ ಆಗಿರಬೇಕು. ಕರೆ ಶುರುವಾಗುವ ಮೊದಲೇ ಎರಡು ಕಡೆಯ ಆ್ಯಪ್‌ಗಳು 'ನಿನಗೆ ಯಾವ ಕೋಡೆಕ್ ಗೊತ್ತು?' ಎಂದು ಪರಸ್ಪರ ಕೇಳಿಕೊಳ್ಳುತ್ತವೆ. ಇಬ್ಬರಿಗೂ ಗೊತ್ತಿರುವ ಒಂದು ಕೋಡೆಕ್ ಸಿಕ್ಕಿದರೆ ಮಾತುಕತೆ ಮುಂದುವರಿಯುತ್ತದೆ. ಒಂದೂ ಸಿಗದಿದ್ದರೆ ಚಿತ್ರ ಮೂಡುವುದೇ ಇಲ್ಲ. ಇದು ಎರಡನೆಯ ಕಾರಣ.

ನೀವೇ ಮಾಡಿ ನೋಡಿ

ಬೇಕಾಗುವ ಸಾಮಗ್ರಿ: ಚೌಕುಳಿ ಲೆಕ್ಕದ ಪುಸ್ತಕದ ಎರಡು ಹಾಳೆ, ಪೆನ್ಸಿಲ್, ಒಬ್ಬ ಗೆಳೆಯ ಅಥವಾ ಗೆಳತಿ.

1. ಹಾಳೆಯಲ್ಲಿ ಅಡ್ಡಕ್ಕೆ 8, ಉದ್ದಕ್ಕೆ 8 ಮನೆಗಳ ಚೌಕ ಗುರುತಿಸಿ. ಕೆಲವು ಮನೆಗಳಿಗೆ ಕಪ್ಪು ತುಂಬಿ ಒಂದು ಚಿತ್ರ ಮಾಡಿ. ಗೆಳೆಯನಿಗೆ ತೋರಿಸಬೇಡಿ.

2. ಪ್ರತಿ ಸಾಲನ್ನೂ ಅಂಕಿಗಳಾಗಿ ಬರೆಯಿರಿ. ನಿಯಮ: ಮೊದಲ ಅಂಕಿ ಬಿಳಿ ಮನೆಗಳದು, ಎರಡನೆಯದು ಕಪ್ಪಿನದು, ಮೂರನೆಯದು ಮತ್ತೆ ಬಿಳಿಯದು. ಒಂದು ಸಾಲಿನಲ್ಲಿ 3 ಬಿಳಿ, 2 ಕಪ್ಪು, 3 ಬಿಳಿ ಇದ್ದರೆ '3, 2, 3' ಎಂದು ಬರೆಯಿರಿ. ಸಾಲು ಕಪ್ಪಿನಿಂದ ಶುರುವಾದರೆ ಮೊದಲು 0 ಹಾಕಿ.

3. ಅಂಕಿಗಳನ್ನು ಮಾತ್ರ ಗೆಳೆಯನಿಗೆ ಓದಿ ಹೇಳಿ. ಆತ ತನ್ನ ಹಾಳೆಯಲ್ಲಿ ಚಿತ್ರ ಬಿಡಿಸಲಿ. ಎರಡೂ ಚಿತ್ರಗಳು ಒಂದೇ ಆಗಿವೆಯೇ? ಹಾಗಾದರೆ ನೀವಿಬ್ಬರೂ ಒಂದು ಕೋಡೆಕ್ ಬಳಸಿದಿರಿ!

4. ಈಗ ಗೆಳೆಯನಿಗೆ ತಿಳಿಸದೆ ನಿಯಮ ಬದಲಿಸಿ. ಮೊದಲ ಅಂಕಿ ಕಪ್ಪಿನದು ಎಂದಿಟ್ಟುಕೊಳ್ಳಿ. ಅದೇ ಸಾಲು ಈಗ '0, 3, 2, 3' ಆಗುತ್ತದೆ. ಹಳೆಯ ನಿಯಮದಂತೆ ಬಿಡಿಸುವ ಗೆಳೆಯನಿಗೆ 3 ಕಪ್ಪು, 2 ಬಿಳಿ, 3 ಕಪ್ಪು ಸಿಗುತ್ತದೆ. ಚಿತ್ರವೆಲ್ಲ ತಿರುವುಮುರುವು!

ಗೆಳೆಯನ ಪೆನ್ಸಿಲ್ ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಎಣಿಕೆಯೂ ಸರಿಯಾಗಿದೆ. ಆದರೂ ಚಿತ್ರ ತಪ್ಪಾಯಿತು. ಬದಲಾದದ್ದು ನಿಮ್ಮಿಬ್ಬರ ನಡುವಿನ ಒಪ್ಪಂದ. ಹಳೆಯ ಕಂಪ್ಯೂಟರಿನ ಕಥೆಯೂ ಇದೇ.

ಬೀಗ ಬದಲಾಯಿತು

ನಿಮ್ಮ ಮುಖ ಮತ್ತು ಮಾತು ಅಂತರಜಾಲದಲ್ಲಿ ಸಾಗುವಾಗ ಹಲವು ಯಂತ್ರಗಳನ್ನು ದಾಟಿ ಹೋಗುತ್ತವೆ. ದಾರಿಯಲ್ಲಿ ಯಾರೂ ಕದ್ದು ನೋಡಬಾರದು. ಅದಕ್ಕಾಗಿ ಅವನ್ನು ಗೂಢಲಿಪಿಯಲ್ಲಿ ಬರೆದು, ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟಂತೆ ಕಳುಹಿಸುತ್ತಾರೆ. ಅಂತರಜಾಲದಲ್ಲಿ ಹೆಚ್ಚು ಬಳಕೆಯಲ್ಲಿರುವ ಇಂತಹ ಬೀಗದ ನಿಯಮಕ್ಕೆ ಟಿಎಲ್‌ಎಸ್ ಎಂದು ಹೆಸರು. ಇದರ 1.0 ಆವೃತ್ತಿ ಬಂದದ್ದು 1999ರಲ್ಲಿ. 1.1 ಬಂದದ್ದು 2006ರಲ್ಲಿ, 1.2 ಬಂದದ್ದು 2008ರಲ್ಲಿ, 1.3 ಬಂದದ್ದು 2018ರಲ್ಲಿ.

ಮೊದಲ ಎರಡು ಬೀಗಗಳಲ್ಲಿ ದೋಷಗಳಿರುವುದು ಕಾಲಕ್ರಮದಲ್ಲಿ ತಿಳಿದುಬಂತು. ಕಳ್ಳಕೀಲಿ ಮಾಡಬಹುದಾದ ಬೀಗವನ್ನು ಯಾರು ತಾನೆ ಇಟ್ಟುಕೊಳ್ಳುತ್ತಾರೆ? 2021ರ ಮಾರ್ಚ್‌ನಲ್ಲಿ ಅಂತರಜಾಲದ ನಿಯಮಗಳನ್ನು ರೂಪಿಸುವ ತಜ್ಞರ ಬಳಗವು 1.0 ಮತ್ತು 1.1 ಅನ್ನು ಇನ್ನು ಬಳಸಬಾರದು ಎಂದು ವಿಧ್ಯುಕ್ತವಾಗಿ ಸಾರಿತು. ಆದರೆ 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಜತೆಗಿದ್ದ ಬ್ರೌಸರಿಗೆ ಗೊತ್ತಿದ್ದುದು 1.0ರವರೆಗೆ ಮಾತ್ರ. ಇಂದಿನ ಸರ್ವರುಗಳು ಹೊಸ ಬೀಗವನ್ನೇ ಕೇಳುತ್ತವೆ. ಹಳೆಯ ಕಂಪ್ಯೂಟರ್ ಬಾಗಿಲಲ್ಲೇ ನಿಲ್ಲಬೇಕಾಗುತ್ತದೆ. ಇದು ಮೂರನೆಯ ಕಾರಣ.

ಸರ್ವರ್ ಎಂದರೇನು? ಎಲ್ಲರ ಕರೆಗಳನ್ನು ಒಂದುಗೂಡಿಸಲು ಆ್ಯಪ್ ನಡೆಸುವವರು ದೂರದಲ್ಲಿ ಇಟ್ಟಿರುವ ಕಂಪ್ಯೂಟರ್. ನಿಮ್ಮ ಕಂಪ್ಯೂಟರಿನಲ್ಲಿ ಒಂದು ಅಕ್ಷರವೂ ಬದಲಾಗದಿದ್ದರೂ ಸರ್ವರಿನಲ್ಲಿ ನಿಯಮ ಬದಲಾದರೆ ಸಾಕು, ನಿನ್ನೆ ಹೋದ ಕರೆ ಇಂದು ಹೋಗದು.

ಅವಧಿ ಮುಗಿದ ಬಸ್ ಪಾಸು

ಬೀಗ ಗಟ್ಟಿಯಾಗಿದ್ದರೆ ಸಾಲದು. ಆ ಕಡೆ ಇರುವುದು ನಿಜವಾದ ಸರ್ವರೇ, ಮೋಸದ್ದೇ ಎಂದು ತಿಳಿಯಬೇಕು. ಅದಕ್ಕಾಗಿ ಸರ್ವರ್ ಒಂದು ಪ್ರಮಾಣಪತ್ರವನ್ನು ತೋರಿಸುತ್ತದೆ. ಇದು ನಿಮ್ಮ ಬಸ್ ಪಾಸಿನಂತೆ. ಅದರಲ್ಲಿ ಹೆಸರಿದೆ, ಕೊಟ್ಟವರ ಸಹಿಯಿದೆ, 'ಇಂತಹ ದಿನದಿಂದ ಇಂತಹ ದಿನದವರೆಗೆ' ಎಂಬ ಅವಧಿಯೂ ಇದೆ. ಅವಧಿ ಮುಗಿದ ಪಾಸನ್ನು ಕಂಡಕ್ಟರ್ ಒಪ್ಪುವುದಿಲ್ಲ. ಬಸ್ ಚೆನ್ನಾಗಿದೆ, ನೀವೂ ಚೆನ್ನಾಗಿದ್ದೀರಿ. ಆದರೂ ಪ್ರಯಾಣವಿಲ್ಲ!

ಇದು ನಿಜವಾಗಿಯೂ ನಡೆದಿದೆ. ಆ್ಯಪಲ್ ಕಂಪನಿಯ ವಿಡಿಯೊ ಕರೆಯ ಸೌಲಭ್ಯಕ್ಕೆ ಫೇಸ್‌ಟೈಮ್ ಎಂದು ಹೆಸರು. 2014ರ ಏಪ್ರಿಲ್ 16ರಂದು ಅದರ ಒಂದು ಪ್ರಮಾಣಪತ್ರದ ಅವಧಿ ಮುಗಿಯಿತು. ಹಳೆಯ ಐಓಎಸ್ 6 ವ್ಯವಸ್ಥೆಯಿದ್ದ ಅನೇಕ ಫೋನುಗಳಿಂದ ಕರೆ ಹೋಗದಾಯಿತು. ಹೊಸ ವ್ಯವಸ್ಥೆಯನ್ನು ಹಾಕಿಕೊಂಡರೆ ಸರಿಹೋಗುತ್ತದೆ ಎಂದು ಕಂಪನಿ ತಿಳಿಸಿತು. ಆದರೆ ಹೊಸ ವ್ಯವಸ್ಥೆಯಿಂದ ತಮ್ಮ ಹಳೆಯ ಫೋನು ನಿಧಾನವಾಗುತ್ತದೆ ಎಂಬುದು ಕೆಲವರ ದೂರಾಗಿತ್ತು. ಅವರು ಅಮೆರಿಕದ ನ್ಯಾಯಾಲಯಕ್ಕೆ ಹೋದರು. 2020ರಲ್ಲಿ ಕಂಪನಿ ತನ್ನ ತಪ್ಪನ್ನು ಒಪ್ಪಿಕೊಳ್ಳದೆಯೇ 1.8 ಕೋಟಿ ಡಾಲರ್ ಕೊಡಲು ಒಪ್ಪಿ ರಾಜಿ ಮಾಡಿಕೊಂಡಿತು.

ಪ್ರಮಾಣಪತ್ರಕ್ಕೆ ಯಾರ ಸಹಿ ಇದ್ದರೆ ನಂಬಬೇಕು ಎಂಬುದರ ಪಟ್ಟಿಯೂ ಪ್ರತಿ ಕಂಪ್ಯೂಟರಿನಲ್ಲಿ ಇರುತ್ತದೆ. ಕಂಡಕ್ಟರ್ ಬಳಿ ಅಧಿಕಾರಿಗಳ ಮಾದರಿ ಸಹಿಗಳ ಹಾಳೆ ಇದ್ದಂತೆ. ಹಾಳೆ ಹಳೆಯದಾದರೆ ಹೊಸ ಅಧಿಕಾರಿಯ ಸಹಿ ಅದರಲ್ಲಿ ಇರುವುದಿಲ್ಲ. 2021ರ ಸೆಪ್ಟೆಂಬರ್ 30ರಂದು ಹೀಗೇ ಆಯಿತು. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಕೋಟ್ಯಂತರ ಜಾಲತಾಣಗಳಿಗೆ ಉಚಿತವಾಗಿ ಪ್ರಮಾಣಪತ್ರ ಕೊಡುತ್ತದೆ. ಅದು ಮೊದಲು ಆಧರಿಸಿದ್ದ ಹಳೆಯ ಮೂಲಪ್ರಮಾಣಪತ್ರದ ಅವಧಿ ಅಂದು ಮುಗಿಯಿತು. ಹೊಸದನ್ನು ಪಟ್ಟಿಗೆ ಸೇರಿಸಿಕೊಂಡಿರದ ಹಳೆಯ ಕಂಪ್ಯೂಟರುಗಳು ಒಳ್ಳೆಯ ತಾಣಗಳನ್ನೇ 'ನಂಬಬೇಡಿ' ಎಂದು ಎಚ್ಚರಿಸತೊಡಗಿದವು. ಇದು ನಾಲ್ಕನೆಯ ಕಾರಣ.

ನಾಣ್ಯದಂತಹ ಬ್ಯಾಟರಿ

ಇಲ್ಲೊಂದು ತಮಾಷೆಯ ಸಂಗತಿ ಇದೆ. ಕಂಪ್ಯೂಟರನ್ನು ಆರಿಸಿದರೂ ಅದರೊಳಗಿನ ಗಡಿಯಾರ ನಡೆಯುತ್ತಿರಬೇಕು. ಅದಕ್ಕಾಗಿ ಒಳಗೆ ನಾಣ್ಯದಂತಹ ಪುಟ್ಟ ಬ್ಯಾಟರಿ ಇರುತ್ತದೆ. ಹೆಚ್ಚಿನ ಕಂಪ್ಯೂಟರುಗಳಲ್ಲಿ ಇದು ಸಿಆರ್2032 ಎಂಬ ಬಗೆಯದು. ಕೆಲವು ವರ್ಷಗಳಲ್ಲಿ ಅದು ಬರಿದಾಗುತ್ತದೆ. ಆಗ ಕಂಪ್ಯೂಟರ್ ಪ್ರತಿ ಸಲ ಶುರುವಾದಾಗಲೂ ತನ್ನ ಹಳೆಯ ದಿನಾಂಕಕ್ಕೇ ಮರಳುತ್ತದೆ. ಪರದೆಯ ಮೂಲೆಯಲ್ಲಿ 2009 ಎಂದು ಕಾಣಬಹುದು!

ಈಗ ಯೋಚಿಸಿ. ಕಂಡಕ್ಟರ್ ಬಳಿ 2009ರ ಕ್ಯಾಲೆಂಡರ್ ಇದೆ. ನಿಮ್ಮ ಪಾಸು ಈ ವರ್ಷದ್ದು. 'ಈ ಪಾಸು ಇನ್ನೂ ಶುರುವೇ ಆಗಿಲ್ಲವಲ್ಲ!' ಎಂದು ಅವರು ನಿಮ್ಮನ್ನು ಇಳಿಸುತ್ತಾರೆ. ಕಂಪ್ಯೂಟರಿನಲ್ಲೂ ಹೀಗೇ. ದಿನಾಂಕ ತಪ್ಪಿದ್ದರೆ ಎಲ್ಲ ಪ್ರಮಾಣಪತ್ರಗಳೂ ಸುಳ್ಳಾಗಿ ತೋರುತ್ತವೆ. ಕರೆ ಹೋಗುವುದಿಲ್ಲ.

ಆದ್ದರಿಂದ ಹಳೆಯ ಕಂಪ್ಯೂಟರಿನಲ್ಲಿ ಕರೆ ಹೋಗದಿದ್ದರೆ ಮೊದಲು ದಿನಾಂಕವನ್ನು ನೋಡಿ. ಅದನ್ನು ಸರಿಪಡಿಸಿದ ಕೂಡಲೇ ಕೆಲವೊಮ್ಮೆ ಎಲ್ಲವೂ ಸರಿಹೋಗುತ್ತದೆ. ಬ್ಯಾಟರಿ ಬದಲಿಸುವುದು ದೊಡ್ಡವರ ಕೆಲಸ. ವಿದ್ಯುತ್ ಸಂಪರ್ಕವನ್ನು ತೆಗೆದ ಮೇಲೆಯೇ ಪೆಟ್ಟಿಗೆಯನ್ನು ತೆರೆಯಬೇಕು. ಈ ಬ್ಯಾಟರಿಯನ್ನು ಚಿಕ್ಕ ಮಕ್ಕಳ ಕೈಗೆ ಕೊಡಲೇಬಾರದು. ನುಂಗಿದರೆ ಪ್ರಾಣಕ್ಕೇ ಅಪಾಯ.

ಬೆಂಬಲ ನಿಂತಿತು ಎಂದರೆ?

ಕಾರ್ಯಾಚರಣ ವ್ಯವಸ್ಥೆ ಮಾಡಿದವರು ಅದರಲ್ಲಿ ಕಾಣುವ ದೋಷಗಳನ್ನು ಆಗಾಗ ಸರಿಪಡಿಸಿ ಕಳುಹಿಸುತ್ತಾರೆ. ಒಂದು ದಿನ ಅದನ್ನು ನಿಲ್ಲಿಸುತ್ತಾರೆ. ಇದನ್ನೇ 'ಬೆಂಬಲ ಮುಗಿಯಿತು' ಎನ್ನುವುದು. ಈ ದಿನಾಂಕಗಳನ್ನು ನೋಡಿ:

ವಿಂಡೋಸ್ ಎಕ್ಸ್‌ಪಿ: ಬಂದದ್ದು 2001, ಬೆಂಬಲ ಮುಗಿದದ್ದು 2014ರ ಏಪ್ರಿಲ್ 8.
ವಿಂಡೋಸ್ 7: ಬಂದದ್ದು 2009, ಬೆಂಬಲ ಮುಗಿದದ್ದು 2020ರ ಜನವರಿ 14.
ವಿಂಡೋಸ್ 10: ಬಂದದ್ದು 2015, ಸಾಮಾನ್ಯ ಬೆಂಬಲ ಮುಗಿದದ್ದು 2025ರ ಅಕ್ಟೋಬರ್ 14.

ಮೇಸ್ತ್ರಿಗೆ ವಯಸ್ಸಾಯಿತೆಂದು ತಿಳಿದ ಮೇಲೆ ಆ್ಯಪ್ ಮಾಡುವವರೂ ಆತನನ್ನು ಬಿಟ್ಟು ಮುಂದೆ ಹೋಗುತ್ತಾರೆ. ಗೂಗಲ್ ಕ್ರೋಮ್ ಬ್ರೌಸರ್ 2016ರ ಏಪ್ರಿಲ್‌ನಲ್ಲಿ ಎಕ್ಸ್‌ಪಿಯನ್ನೂ 2023ರ ಆರಂಭದಲ್ಲಿ ವಿಂಡೋಸ್ 7 ಅನ್ನೂ ಕೈಬಿಟ್ಟಿತು.

ಇದು ಸರಿಯೇ? ಎರಡೂ ಕಡೆಯ ಮಾತನ್ನು ಕೇಳೋಣ. ಪ್ರತಿ ಹಳೆಯ ವ್ಯವಸ್ಥೆಯಲ್ಲೂ ಆ್ಯಪ್ ಅನ್ನು ಓಡಿಸಿ ಪರೀಕ್ಷಿಸಲು ಜನ, ಸಮಯ, ಹಣ ಬೇಕು. ಸುರಕ್ಷತೆಯ ಪ್ರಶ್ನೆಯೂ ಇದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ನುಗ್ಗಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳನ್ನೇ ಮುಂದೂಡಬೇಕಾಯಿತು. ಅದು ನುಸುಳಿದ ಕಿಂಡಿಯನ್ನು ಮುಚ್ಚುವ ಪರಿಷ್ಕರಣೆ ಎರಡು ತಿಂಗಳ ಮೊದಲೇ ಬಂದಿತ್ತು. ಹಾಕಿಕೊಳ್ಳದವರು ಕಷ್ಟಕ್ಕೆ ಸಿಕ್ಕಿದರು. ದಾಳಿಯ ನಂತರ ಮೈಕ್ರೋಸಾಫ್ಟ್ ಕಂಪನಿ ತಾನು ಮೂರು ವರ್ಷದ ಹಿಂದೆಯೇ ಕೈಬಿಟ್ಟಿದ್ದ ಎಕ್ಸ್‌ಪಿಗೂ ಪರಿಷ್ಕರಣೆಯನ್ನು ಕೊಟ್ಟಿತು.

ಇನ್ನೊಂದು ಕಡೆಯ ಮಾತೂ ನಿಜವೇ. ಹೊಸ ಕಂಪ್ಯೂಟರ್ ಕೊಳ್ಳಲು ಎಲ್ಲರ ಬಳಿಯೂ ಹಣವಿಲ್ಲ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತೆಯ ಸೌಲಭ್ಯ ಬೇಕು. ಚೆನ್ನಾಗಿ ಓಡುತ್ತಿರುವ ಎಷ್ಟೋ ಕಂಪ್ಯೂಟರುಗಳಲ್ಲಿ ಅದಿಲ್ಲ. ಅವನ್ನೆಲ್ಲ ಎಸೆದರೆ? ವಿಶ್ವಸಂಸ್ಥೆಯ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಉಂಟಾದ ವಿದ್ಯುನ್ಮಾನ ತ್ಯಾಜ್ಯ 6.2 ಕೋಟಿ ಟನ್. ಅದರಲ್ಲಿ ಸರಿಯಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಕಾಲು ಭಾಗಕ್ಕಿಂತ ಕಡಿಮೆ. ಉಳಿದುದರಲ್ಲಿರುವ ಸೀಸ, ಪಾದರಸದಂತಹ ವಿಷವಸ್ತುಗಳು ಮಣ್ಣು ನೀರನ್ನು ಸೇರುವ ಭಯವಿದೆ.

ಯಂತ್ರ ಹೊಸದಾಗಿದ್ದರೂ ಆ್ಯಪ್ ಸದಾ ಇರುತ್ತದೆಂಬ ಖಾತ್ರಿಯಿಲ್ಲ. ಸ್ಕೈಪ್ 2003ರಲ್ಲಿ ಬಂತು. 2006ರಲ್ಲಿ ಅದಕ್ಕೆ ವಿಡಿಯೊ ಕರೆ ಸೇರಿತು. ಪರದೇಶದಲ್ಲಿರುವ ಮಕ್ಕಳ ಮುಖವನ್ನು ಎಷ್ಟೋ ಅಜ್ಜಿ ತಾತಂದಿರು ಮೊದಲು ನೋಡಿದ್ದು ಅದರಲ್ಲೇ. ಮೈಕ್ರೋಸಾಫ್ಟ್ ಅದನ್ನು 2025ರ ಮೇ 5ರಂದು ಮುಚ್ಚಿತು.

ನಿಮಗಿದು ಗೊತ್ತೇ?

• 1927ರ ಏಪ್ರಿಲ್ 7ರಂದು ವಾಷಿಂಗ್ಟನ್ನಿನಲ್ಲಿದ್ದ ಹರ್ಬರ್ಟ್ ಹೂವರ್ ಅವರ ಮುಖ ಮತ್ತು ಮಾತು ತಂತಿಯ ಮೂಲಕ ನ್ಯೂಯಾರ್ಕ್ ತಲುಪಿದವು. ಮುಂದೆ ಅವರು ಅಮೆರಿಕದ ಅಧ್ಯಕ್ಷರಾದರು.

• 1964ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಪಿಕ್ಚರ್‌ಫೋನ್ ಎಂಬ ಚಿತ್ರದೂರವಾಣಿಯನ್ನು ಜನರಿಗೆ ತೋರಿಸಿದರು. 1970ರಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಅದರ ಸೇವೆ ಆರಂಭವಾಯಿತು. ಬೆಲೆ ದುಬಾರಿ. ಜತೆಗೆ, ನಿಮ್ಮ ಬಳಿ ಅದಿದ್ದರೂ ನಿಮ್ಮ ನೆಂಟರ ಬಳಿಯೂ ಇರಬೇಕಲ್ಲ! ಹಾಗಾಗಿ ಅದು ಜನಪ್ರಿಯವಾಗಲಿಲ್ಲ.

ಹಾಗಾದರೆ ಹಳೆಯ ಕಂಪ್ಯೂಟರನ್ನು ಏನು ಮಾಡುವುದು?

ಮೊದಲು ದಿನಾಂಕವನ್ನು ಸರಿಪಡಿಸಿ ನೋಡುವುದು. ನಂತರ, ಪ್ರತ್ಯೇಕ ಆ್ಯಪ್ ಇಲ್ಲದೆ ಬ್ರೌಸರಿನಲ್ಲೇ ಕರೆ ಮಾಡಲು ಆಗುತ್ತದೆಯೇ ಎಂದು ಪ್ರಯತ್ನಿಸುವುದು. ಬ್ರೌಸರ್ ಹೊಸದಾಗಿದ್ದರೆ ಇದು ಸಾಧ್ಯ.

ಇನ್ನೂ ಒಂದು ದಾರಿ ಇದೆ. ಮೇಸ್ತ್ರಿಯನ್ನೇ ಬದಲಿಸುವುದು! ಫಿನ್‌ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಹಳೆಯ ಯಂತ್ರಗಳಿಗೆಂದೇ ಮಾಡಿದ ಹಗುರವಾದ ಆವೃತ್ತಿಗಳಿವೆ. ಯಂತ್ರ ಹಳೆಯದೇ ಆದರೂ ಬೀಗ, ಕೋಡೆಕ್, ಸಹಿಗಳ ಪಟ್ಟಿ ಎಲ್ಲವೂ ಹೊಸದಾಗುತ್ತವೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಎಷ್ಟೋ ವರ್ಷಗಳಿಂದ ಲಿನಕ್ಸ್ ಬಳಕೆಯಲ್ಲಿದೆ. ಆದರೆ ಇದಕ್ಕೂ ಮಿತಿ ಇದೆ. ಲಿನಕ್ಸ್ ಆಧಾರಿತ ಡೆಬಿಯನ್ ವ್ಯವಸ್ಥೆಯ 13ನೇ ಆವೃತ್ತಿ 2025ರಲ್ಲಿ ಬಂದಾಗ, ತೀರ ಹಳೆಯ 32 ಬಿಟ್ ಕಂಪ್ಯೂಟರುಗಳಿಗೆ ಅದನ್ನು ಹೊಸದಾಗಿ ಹಾಕುವ ಅವಕಾಶವನ್ನು ನಿಲ್ಲಿಸಲಾಯಿತು. ಕಾರ್ಯಾಚರಣ ವ್ಯವಸ್ಥೆಯನ್ನು ಬದಲಿಸುವ ಮೊದಲು ಹಳೆಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಲು ಮರೆಯಬಾರದು.

ಕರೆಗೆ ಬಾರದಿದ್ದರೂ ಟೈಪಿಂಗ್ ಕಲಿಯಲು, ಚಿತ್ರ ಬಿಡಿಸಲು, ಲೆಕ್ಕದ ಆಟಗಳನ್ನು ಆಡಲು ಅಂತಹ ಕಂಪ್ಯೂಟರ್ ಬರುತ್ತದೆ. ಯಾವುದಕ್ಕೂ ಆಗದಂತಾದರೆ ಮಾತ್ರ ಅಧಿಕೃತ ವಿದ್ಯುನ್ಮಾನ ತ್ಯಾಜ್ಯ ಸಂಗ್ರಹಕಾರರಿಗೆ ಒಪ್ಪಿಸಬೇಕು. ತಿಪ್ಪೆಗೆ ಎಸೆಯಬಾರದು, ಸುಡಲೂಬಾರದು. ಗುರುತಿಲ್ಲದ ತಾಣಗಳಿಂದ 'ಹಳೆಯ ಕಂಪ್ಯೂಟರಿಗೆ ಓಡುವ ಆ್ಯಪ್' ಎಂದು ಸಿಗುವುದನ್ನು ಇಳಿಸಿಕೊಳ್ಳಬೇಡಿ. ಅದರ ಹಿಂದೆ ಕಳ್ಳನಿರಬಹುದು.

ಬಲ್ಬು ಹೇಳುವ ಪಾಠ

ಅಟ್ಟದ ಮೇಲೆ ತಾತನ ಕಾಲದ ಒಂದು ಬಲ್ಬು ಸಿಕ್ಕಿತು ಎಂದುಕೊಳ್ಳಿ. ಅದರ ತಂತಿ ಕಡಿದಿಲ್ಲದಿದ್ದರೆ ಇಂದಿನ ಹೋಲ್ಡರಿಗೆ ಹಾಕಿದರೂ ಉರಿಯುತ್ತದೆ. ಏಕೆ? ಬಲ್ಬಿನ ಪಿನ್ನು, ಹೋಲ್ಡರಿನ ಅಳತೆ, ಮನೆಗೆ ಬರುವ ವಿದ್ಯುತ್ತಿನ ಒತ್ತಡ, ಇವುಗಳ ನಡುವಿನ ಒಪ್ಪಂದ ಹಾಗೆಯೇ ಉಳಿದುಕೊಂಡು ಬಂದಿದೆ. ವಿಡಿಯೊ ಕರೆಯಲ್ಲಿ ಒಪ್ಪಂದಗಳು ಬೇಗ ಬೇಗ ಬದಲಾಗುತ್ತಿವೆ. ಕೆಲವು ಬದಲಾವಣೆಗಳು ಬೇಕೇ ಬೇಕು. ದುರ್ಬಲ ಬೀಗವನ್ನು ಬದಲಿಸಲೇಬೇಕು. ಆದರೆ ಬದಲಿಸುವಾಗ ಹಳೆಯ ಯಂತ್ರಗಳನ್ನು ಇಟ್ಟುಕೊಂಡವರನ್ನೂ ನೆನೆಯಬೇಕು. ಮುಂದೆ ನಿಮ್ಮಲ್ಲಿ ಕೆಲವರು ತಂತ್ರಾಂಶ ಬರೆಯುವ ಎಂಜಿನಿಯರುಗಳಾಗುತ್ತೀರಿ. ಆಗ ಈ ಮಾತು ನೆನಪಿರಲಿ.

ಅಂದಹಾಗೆ, ನಮ್ಮ ಊಹೆಯ ಶಾಲೆಯಲ್ಲಿ ಏನಾಯಿತು? ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಕಳೆದೇ ಹೋಗಿತ್ತು. ಮೇಷ್ಟ್ರು ದಿನಾಂಕವನ್ನು ಸರಿಪಡಿಸಿದರು, ಆದರೂ ಕರೆ ಹೋಗಲಿಲ್ಲ. ಕೊನೆಗೆ ತಮ್ಮ ಮೊಬೈಲಿನಿಂದಲೇ ಕರೆ ಮಾಡಿ ಅದನ್ನು ಕಿಟಕಿಯ ಮೇಲಿಟ್ಟರು. ಪುಟ್ಟ ಪರದೆ. ಹಿಂದೆ ಕುಳಿತವರಿಗೆ ಅಕ್ಕನ ಮುಖ ಕಾಣಲಿಲ್ಲ, ಧ್ವನಿ ಮಾತ್ರ ಕೇಳಿಸಿತು. ಬರೆದಿಟ್ಟ ಇಪ್ಪತ್ತು ಪ್ರಶ್ನೆಗಳಲ್ಲಿ ಕೇಳಲು ಆದದ್ದು ಎಂಟು.

ಬೇಸಿಗೆ ರಜೆಯಲ್ಲಿ ಅದೇ ಕಂಪ್ಯೂಟರಿಗೆ ಹೊಸ ನಾಣ್ಯ ಬ್ಯಾಟರಿ ಬಂತು, ಲಿನಕ್ಸ್ ಬಂತು. ಜೂನ್ ತಿಂಗಳಲ್ಲಿ ಉಳಿದ ಹನ್ನೆರಡು ಪ್ರಶ್ನೆಗಳನ್ನು ದೊಡ್ಡ ಪರದೆಯ ಮುಂದೆ ಕೇಳಲಾಯಿತು. ಹಿಂದಿನ ಸಾಲಿನವರು ಈ ಸಲ ಮುಂದೆ ಕುಳಿತಿದ್ದರು.

ಯೋಚಿಸಿ, ಉತ್ತರಿಸಿ

1. ಅಡ್ಡಲಾಗಿ 320, ಉದ್ದಕ್ಕೆ 240 ಪಿಕ್ಸೆಲ್‌ಗಳಿರುವ ಚಿತ್ರದಲ್ಲಿ ಒಟ್ಟು ಎಷ್ಟು ಪಿಕ್ಸೆಲ್‌ಗಳಿವೆ? ಇದು 640 × 480ರ ಚಿತ್ರದ ಎಷ್ಟನೇ ಒಂದು ಭಾಗ?

2. ನಿಮ್ಮ ಶಾಲೆಯಲ್ಲಿ ಅಥವಾ ಊರಿನಲ್ಲಿ ಕಂಪ್ಯೂಟರ್ ಇದೆಯೇ? ಅದರ ದಿನಾಂಕ ಸರಿಯಾಗಿದೆಯೇ? ಅದರ ಕಾರ್ಯಾಚರಣ ವ್ಯವಸ್ಥೆ ಯಾವುದು? ಶಿಕ್ಷಕರ ಸಹಾಯದಿಂದ ತಿಳಿದುಕೊಳ್ಳಿ.

3. ಬಲ್ಬಿನಂತೆ, ಹಳೆಯದೂ ಹೊಸದೂ ಒಂದಕ್ಕೊಂದು ಹೊಂದಿಕೊಳ್ಳುವ ಇನ್ನೂ ಮೂರು ವಸ್ತುಗಳನ್ನು ಪಟ್ಟಿ ಮಾಡಿ. ಹೊಂದಿಕೊಳ್ಳದ ಮೂರನ್ನೂ ಬರೆಯಿರಿ.